ನಾನು ಡಾರ್ಕ್ ರೂಮಿನ ಹುಡುಗ!

ಫೋಟೋ ಲ್ಯಾಬಿನಲ್ಲಿ ತಲೆಕೂದಲು ನರೆಸಿಕೊಂಡ ಒಬ್ಬ ಟೆಕ್ನೀಷಿಯನ್‌ನ ಅನುಭವ... ಈ ಕಸುಬಿಗೆ ಬರಬೇಕೆನ್ನುವ ತರುಣರಿಗೆ ನಾಲ್ಕು ನೇರ ಮಾತು.

ಸಿನಿಮಾಗೆ ಹೋದವರು ಟಿಕೆಟ್ ಕೊಡುವ ಕಿಂಡಿ ತೆರೆಯುವ ತನಕ ಏನು ಮಾಡುತ್ತಿದ್ದರು, ಗೊತ್ತೆ? ನಿಮಗೆ ಗೊತ್ತಿಲ್ಲದಿದ್ದರೆ ನಿಮ್ಮ ಅಪ್ಪನನ್ನು ಕೇಳಿ. ಟಾಕೀಸಿನ ಗೋಡೆಯ ಗಾಜಿನ ಪೆಟ್ಟಿಗೆಯ ಮುಂದೆ ಮುಗಿಬೀಳುತ್ತಿದ್ದರು! ಅದರೊಳಗೆ ಪಿನ್ ಚುಚ್ಚಿದ ಇಪ್ಪತ್ತು ಇಪ್ಪತ್ತೈದು ಸ್ಟಿಲ್‌ಗಳು. ಇದೋ ಫೈಟಿಂಗು, ಇದೋ ಡ್ಯೂಯೆಟ್ಟು, ಇದೋ ತಾಯಿ ಕಣ್ಣೀರು! ಒಳಗೆ ಹೋಗುವ ಮೊದಲೇ ಅರ್ಧ ಕಥೆ ಕಟ್ಟಿಕೊಳ್ಳುತ್ತಿದ್ದರು. 1972ರಲ್ಲಿ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ‘ಬಂಗಾರದ ಮನುಷ್ಯ’ ಬಂದು ಎರಡು ವರ್ಷ ಅಲ್ಲಾಡದೆ ನಿಂತಾಗ, ಸಿನಿಮಾ ನೋಡಿದವರೇ ಮತ್ತೆ ಬಂದು ಆ ಸ್ಟಿಲ್‌ಗಳ ಮುಂದೆ ನಿಲ್ಲುತ್ತಿದ್ದರು.

ಆ ಸ್ಟಿಲ್ ತೆಗೆದವರ ಹೆಸರಾದರೂ ಅಭಿಮಾನಿಗಳಿಗೆ ಗೊತ್ತಿತ್ತು. ಪ್ರಗತಿ ಅಶ್ವತ್ಥನಾರಾಯಣ, ಭವಾನಿ ಲಕ್ಷ್ಮೀನಾರಾಯಣ ಅಂದರೆ ಗಾಂಧಿನಗರದಲ್ಲಿ ತಿಳಿಯದವರಿಲ್ಲ. ಆದರೆ ನೆಗೆಟಿವನ್ನು ಕತ್ತಲೆಯಲ್ಲಿ ತೊಳೆದು, ಪ್ರಿಂಟ್ ಹಾಕಿ, ಒಣಗಿಸಿ, ಅಂಚು ಕತ್ತರಿಸಿ ಕೊಟ್ಟವನ ಹೆಸರು? ಅವನಿಗೆ ಹೆಸರಿಲ್ಲ. ಅವನು ಬರೀ ‘ಲ್ಯಾಬ್ ಹುಡುಗ’. ಅಂಥವರಲ್ಲಿ ನಾನೂ ಒಬ್ಬ.

ಈಗ ನನಗೆ ಅರವತ್ತು ದಾಟಿದೆ. ಆದರೂ ನಮ್ಮ ಕಸುಬಿನವರು ಸಿಕ್ಕರೆ “ಏನಪ್ಪಾ ಲ್ಯಾಬ್ ಹುಡುಗಾ” ಅಂತಲೇ ಕರೆಯುತ್ತಾರೆ!

ಕ್ಯಾಮರಾ ಬದಲು ಪೊರಕೆ

ನಾನು ಅರಸೀಕೆರೆಯವನು. 1979ರಲ್ಲಿ ಪಿ.ಯು.ಸಿ. ಡುಮ್ಕಿ ಹೊಡೆದು, ಅಪ್ಪನ ಮುಖ ನೋಡಲಾರದೆ, ಪ್ಯಾಸೆಂಜರ್ ರೈಲು ಹತ್ತಿ ಬೆಂಗಳೂರಿಗೆ ಬಂದೆ. ತಲೆಯಲ್ಲಿ ಒಂದೇ ಗುಂಗು: ಸಿನಿಮಾ ಕ್ಯಾಮರಾಮನ್ ಆಗಬೇಕು! ಗಾಂಧಿನಗರದ ಸಿನಿಮಾ ಆಫೀಸುಗಳ ಮೆಟ್ಟಿಲು ಹತ್ತಿದೆ, ಇಳಿದೆ. ಕೊನೆಗೊಬ್ಬ ಪುಣ್ಯಾತ್ಮರು, “ಲೋ ತಮ್ಮಾ, ಕ್ಯಾಮರಾ ಆಮೇಲಾಯ್ತು. ಮೊದಲು ಫಿಲ್ಮ್ ಅಂದ್ರೇನು ಅಂತ ಕಲ್ತ್ಕೊ ಹೋಗು” ಎಂದು ಮೆಜೆಸ್ಟಿಕ್ಕಿನ ಅಡ್ಡರಸ್ತೆಯ ಒಂದು ಸ್ಟುಡಿಯೋಗೆ ಚೀಟಿ ಬರೆದುಕೊಟ್ಟರು.

ಸಂಬಳ ತಿಂಗಳಿಗೆ 90 ರೂಪಾಯಿ. ಮಲಗಲು ಪ್ರಿಂಟ್ ಕತ್ತರಿಸುವ ಮೇಜಿನ ಕೆಳಗೆ ಜಾಗ. ಡಾರ್ಕ್ ರೂಮಿನ ಹಿರಿಯರನ್ನು ನಾವೆಲ್ಲ ‘ಗುರುಗಳು’ ಅನ್ನುತ್ತಿದ್ದೆವು. ಮೊದಲ ದಿನ ಅವರು ನನ್ನ ಕೈಗೆ ಕೊಟ್ಟದ್ದು ಪೊರಕೆ, ಒದ್ದೆ ಬಟ್ಟೆ.

“ಧೂಳೇ ನಮ್ಮ ಶತ್ರು ಕಣೋ. ನೆಗೆಟಿವ್ ಮೇಲೆ ಕೂತ ಒಂದು ಕಣ, ದೊಡ್ಡ ಪ್ರಿಂಟಿನಲ್ಲಿ ಹೀರೋಯಿನ್ ಕೆನ್ನೆ ಮೇಲೆ ಬಿಳೀ ಮಚ್ಚೆ ಆಗುತ್ತೆ. ಅವಳು ಬಂದು ಕೇಳೋದು ನನ್ನನ್ನ, ನಿನ್ನನ್ನಲ್ಲ!”

ಮೂರು ತಿಂಗಳು ಗುಡಿಸಿದೆ. ಆಮೇಲೆ ಮದ್ದು ಕಲೆಸಲು ಬಿಟ್ಟರು. ಡಿ-76 ಎನ್ನುವ ಡೆವಲಪರ್‌ನ ಲೆಕ್ಕ ಇಂದಿಗೂ ನನಗೆ ಮಗ್ಗಿಯ ಹಾಗೆ ಬಾಯಿಪಾಠ. ಒಂದು ಲೀಟರ್ ನೀರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಬಿಸಿನೀರಿಗೆ ಮೊದಲು ಮೆಟಾಲ್ ಹಾಕಬೇಕು. ಸಲ್ಫೈಟನ್ನೆಲ್ಲ ಮೊದಲೇ ಸುರಿದರೆ ಮೆಟಾಲ್ ಕರಗದೆ ಮುಷ್ಕರ ಹೂಡುತ್ತದೆ! ಅಕ್ಕಸಾಲಿಗರ ತಕ್ಕಡಿಯಂಥ ತಕ್ಕಡಿಯಲ್ಲಿ ತೂಗಿ ತೂಗಿ, ಕೈಯೆಲ್ಲ ತುರಿಕೆ ಎದ್ದಿತ್ತು. ಮೆಟಾಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಅಂದು ಕೈಗವಸು ಯಾರು ಕೊಡುತ್ತಿದ್ದರು? ಹರಳೆಣ್ಣೆ ಹಚ್ಚಿಕೊಂಡು ಮಲಗುತ್ತಿದ್ದೆ.

ಕೆಂಪು ದೀಪದ ಕೆಳಗೆ

ಸಿನಿಮಾದಲ್ಲಿ ಡಾರ್ಕ್ ರೂಮ್ ತೋರಿಸಿದರೆ ಯಾವಾಗಲೂ ಕೆಂಪು ದೀಪ ಉರಿಯುತ್ತಿರುತ್ತದೆ. ನೀವೂ ನೋಡಿರುತ್ತೀರಿ. ಆದರೆ ಅದು ಪ್ರಿಂಟ್ ಹಾಕುವಾಗ ಮಾತ್ರ. ಕಪ್ಪು-ಬಿಳುಪಿನ ಬ್ರೋಮೈಡ್ ಕಾಗದಕ್ಕೆ ಕೆಂಪು ಬೆಳಕು ಕಾಣುವುದಿಲ್ಲ, ಅದಕ್ಕೇ ಆ ದೀಪ. ನಾವು ಬಳಸುತ್ತಿದ್ದ ಪ್ಯಾನ್ ಫಿಲ್ಮ್‌ಗೆ ಎಲ್ಲ ಬಣ್ಣವೂ ಕಾಣುತ್ತದೆ. ಆದ್ದರಿಂದ ರೋಲ್ ತೊಳೆಯುವಾಗ ಯಾವ ದೀಪವೂ ಇಲ್ಲ. ಗಾಢಾಂಧಕಾರ! ನಿಮ್ಮ ಕೈ ನಿಮಗೇ ಕಾಣದು.

ಆ ಕತ್ತಲೆಯಲ್ಲಿ ಎಡದಿಂದ ಬಲಕ್ಕೆ ಮೂರು ಟ್ರೇ. ಮೊದಲನೆಯದು ಡೆವಲಪರ್, ನಡುವೆ ನೀರು, ಕೊನೆಗೆ ಹೈಪೋ. ಬೆಳಕು ಬಿದ್ದ ಬೆಳ್ಳಿಯ ಉಪ್ಪನ್ನು ಡೆವಲಪರ್ ಕಪ್ಪು ಬೆಳ್ಳಿಯಾಗಿ ಮಾಡುತ್ತದೆ. ಬೆಳಕು ಬೀಳದೆ ಉಳಿದ ಉಪ್ಪನ್ನು ಹೈಪೋ ಕರಗಿಸಿ ತೆಗೆಯುತ್ತದೆ. ಅಲ್ಲಿಗೆ ಚಿತ್ರ ಶಾಶ್ವತ. ರೋಲಿನ ಎರಡು ತುದಿ ಹಿಡಿದು ಮೇಲೆ ಕೆಳಗೆ ಆಡಿಸುತ್ತಾ, ಬಾಯಲ್ಲೇ ಸೆಕೆಂಡು ಎಣಿಸುತ್ತಾ ನಿಲ್ಲಬೇಕು. ನೀರಿನ ಬಿಸಿ 20 ಡಿಗ್ರಿ ಇರಬೇಕು. ಏಪ್ರಿಲ್ ಬಂತೆಂದರೆ ಸೋಡಾ ಅಂಗಡಿಯಿಂದ ಐಸ್ ತಂದು ಟ್ರೇ ಕೆಳಗೆ ಇಡುವುದೂ ನನ್ನ ಕೆಲಸವೇ.

ಪ್ರಿಂಟ್ ಹಾಕುವುದು ಮಾತ್ರ ಹಬ್ಬ! ಎನ್‌ಲಾರ್ಜರ್ ಕೆಳಗೆ ಬಿಳೀ ಕಾಗದ ಇಟ್ಟು, ಎಣಿಸಿ ದೀಪ ಬಿಟ್ಟು, ಕಾಗದವನ್ನು ಡೆವಲಪರ್‌ಗೆ ಜಾರಿಸಬೇಕು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಕೂದಲು ಬರುತ್ತದೆ, ಹುಬ್ಬು ಬರುತ್ತದೆ, ಕಣ್ಣು ಬಿಡುತ್ತದೆ, ಮೀಸೆ ಮೂಡುತ್ತದೆ. ಕೊನೆಗೆ ಕೆನ್ನೆಯ ತೆಳು ನೆರಳು. ಇಡೀ ನಾಡೇ ಆರಾಧಿಸುವ ಮುಖ ಕೆಂಪು ಬೆಳಕಿನಲ್ಲಿ ನೀರಿನೊಳಗಿಂದ ನಿಮ್ಮನ್ನೊಬ್ಬನನ್ನೇ ನೋಡುತ್ತದೆ! ನಿಜ ಹೇಳುತ್ತೇನೆ, 90 ರೂಪಾಯಿ ಸಂಬಳ ಮರೆತುಹೋಗುತ್ತಿತ್ತು.

ಮುಖ ಕಪ್ಪಾಗುವ ಹಾಗಿದ್ದರೆ ಅಂಗೈ ಅಡ್ಡ ಹಿಡಿದು ಬೆಳಕು ತಡೆಯುವುದು, ಆಕಾಶ ಬೋಳಾಗಿದ್ದರೆ ಅಲ್ಲಿಗೆ ಮಾತ್ರ ಇನ್ನಷ್ಟು ಬೆಳಕು ಕೊಡುವುದು, ಇವೆಲ್ಲ ಗುರುಗಳ ಕೈಚಳಕ. ಕಾಗದವನ್ನು ಹೊಳೆಯುವ ತಗಡಿಗೆ ಅಂಟಿಸಿ ಒಣಗಿಸಿದರೆ ಗ್ಲಾಸಿ ಫಿನಿಷ್. ಆ 10×12 ಸ್ಟಿಲ್ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದರೆ ಹೊರಗೆ ಅಭಿಮಾನಿಗಳ ದಂಡು. “ಅಣ್ಣಾ, ಅಣ್ಣಾವ್ರದ್ದು ಒಂದು ಕೊಡಿ ಅಣ್ಣಾ! ಡ್ಯಾಮೇಜ್ ಆಗಿದ್ರೂ ಪರವಾಗಿಲ್ಲ!”

ಆ ಹನ್ನೆರಡು ಪೋಸ್

ಈಗ ನನ್ನ ತಪ್ಪಿನ ಕಥೆ. ಇದನ್ನು ಹೇಳದೆ ‘ಬನ್ನಿ, ಲ್ಯಾಬ್ ಕೆಲಸಕ್ಕೆ ಸೇರಿ’ ಎಂದು ನಿಮಗೆ ಹೇಳುವ ಹಕ್ಕು ನನಗಿಲ್ಲ.

1981. ಮೆಜೆಸ್ಟಿಕ್ಕಿನ ಹೋಟೆಲೊಂದರಲ್ಲಿ ಸಪ್ಲೈಯರ್ ಆಗಿದ್ದ ಹುಡುಗ. ದಾವಣಗೆರೆ ಕಡೆಯವನು. ನನ್ನದೇ ವಯಸ್ಸು. ನಟ ಆಗಬೇಕೆಂಬ ಹುಚ್ಚು. ಒಬ್ಬ ಸಹಾಯಕ ನಿರ್ದೇಶಕರು ಕಾಫಿ ಕುಡಿಯುತ್ತಾ, “ನಾಳೆ ರಾತ್ರಿ ಮದ್ರಾಸ್ ಮೇಲ್‌ಗೆ ಹೊರಡ್ತಿದೀವಿ. ಫೋಟೋ ಇದ್ರೆ ಕೊಡು, ಡೈರೆಕ್ಟರಿಗೆ ತೋರಿಸ್ತೀನಿ” ಅಂದಿದ್ದರಂತೆ. ನಾಲ್ಕು ತಿಂಗಳು ಕೂಡಿಟ್ಟ ಟಿಪ್ಸ್ ಹಣ ಎಣಿಸಿಕೊಟ್ಟು, ಗೆಳೆಯನ ಕೋಟು ಎರವಲು ತಂದು ಹಾಕಿಕೊಂಡು, ಹನ್ನೆರಡು ಪೋಸ್ ಕೊಟ್ಟ. ಒಂದು 120 ರೋಲ್‌ನಲ್ಲಿ ಹನ್ನೆರಡೇ ಚಿತ್ರ. ನಗು, ಕೋಪ, ದುಃಖ, ಸೈಡ್ ಪೋಸ್... ಪಾಪ, ಒಂದೊಂದಕ್ಕೂ ಕನ್ನಡಿ ನೋಡಿಕೊಂಡು ಬಂದು ನಿಂತ.

ಅಂದು ರಾತ್ರಿ ಗುರುಗಳಿಗೆ ಜ್ವರ. “ತೊಳೆದಿಡೋ” ಎಂದು ನನಗೆ ಹೇಳಿ ಮನೆಗೆ ಹೋದರು. ಎರಡು ವರ್ಷದ ಅನುಭವ ಬೇರೆ, ನಾನೇನು ಕಮ್ಮಿ ಅಂದುಕೊಂಡೆ. ಸಂಜೆ ಟ್ರೇಗಳನ್ನು ನಾನೇ ಉಜ್ಜಿ ತೊಳೆದು ಜೋಡಿಸಿದ್ದೆ. ದೀಪ ಆರಿಸಿದೆ, ರೋಲ್ ಬಿಚ್ಚಿದೆ, ಎಡಗಡೆಯ ಟ್ರೇಗೆ ಇಳಿಸಿದೆ, ಎಣಿಸಿದೆ. ಆಮೇಲೆ ನೀರು. ಆಮೇಲೆ ಬಲಗಡೆಯ ಟ್ರೇ. ದೀಪ ಹಾಕಿ ಫಿಲ್ಮ್ ಎತ್ತಿ ಹಿಡಿದೆ.

ಏನೂ ಇಲ್ಲ! ಮಳೆ ತೊಳೆದ ಕಿಟಕಿ ಗಾಜಿನ ಹಾಗೆ ಆಚೆಗಿನ ಗೋಡೆ ಕಾಣುತ್ತಿತ್ತು.

ಟ್ರೇ ಅದಲುಬದಲಾಗಿತ್ತು. ಫಿಲ್ಮ್ ಮೊದಲು ಹೈಪೋಗೆ ಬಿದ್ದಿತ್ತು. ಚಿತ್ರ ಮೂಡುವ ಮೊದಲೇ ಬೆಳ್ಳಿಯೆಲ್ಲ ಕರಗಿ ನೀರಾಗಿತ್ತು. ಇದಕ್ಕೆ ಮದ್ದಿಲ್ಲ. ಬ್ರಹ್ಮ ಬಂದರೂ ಆ ಚಿತ್ರ ವಾಪಸ್ ತರಲಾರ.

ಬೆಳಿಗ್ಗೆ ಗುರುಗಳು ಬಂದರು. ಹೊಡೆಯುತ್ತಾರೆ ಅಂದುಕೊಂಡೆ. ಹೊಡೆಯಲಿಲ್ಲ. “ಕ್ಯಾಮರಾ ಕೆಟ್ಟಿತ್ತು ಅಂತ ಹೇಳಿಬಿಡೋಣ ಗುರುಗಳೇ” ಅಂದೆ. ಅವರು ನನ್ನನ್ನೇ ನೋಡಿದರು. “ಕೆಟ್ಟದ್ದು ಕ್ಯಾಮರಾ ಅಲ್ಲವಲ್ಲೋ. ನೀನೇ ಹೇಳು ಅವನಿಗೆ.”

ಸಂಜೆ ಡ್ಯೂಟಿ ಮುಗಿಸಿ ಹುಡುಗ ಓಡಿಬಂದ. ಕೋಟನ್ನು ಹಿಂದಕ್ಕೆ ಕೊಟ್ಟಾಗಿತ್ತು. ಹೋಟೆಲಿನ ಅಂಗಿಯಲ್ಲೇ ಇದ್ದ. ನಾನು ಫಿಲ್ಮ್ ಮುಂದಿಟ್ಟು ನಡೆದದ್ದು ಹೇಳಿದೆ. ಅವನು ಅದನ್ನು ಟ್ಯೂಬ್‌ಲೈಟಿಗೆ ಹಿಡಿದು, ಈ ತುದಿಯಿಂದ ಆ ತುದಿಯವರೆಗೆ ನೋಡಿದ.

“ಒಂದರಾಗೂ ಇಲ್ಲೇನ್ರಿ ಅಣ್ಣಾರ?”

ಅಷ್ಟೇ ಕೇಳಿದ. ಬೈದಿದ್ದರೆ ನನಗೆ ಒಳ್ಳೆಯದಿತ್ತು.

ನಮ್ಮ ಫೋಟೋಗ್ರಾಫರ್ ಕಾಸು ತೆಗೆದುಕೊಳ್ಳದೆ ಅಲ್ಲೇ ಮತ್ತೆ ಲೈಟ್ ಹಾಕಿ ತೆಗೆದರು. ಗುರುಗಳೇ ತೊಳೆದರು. ಒಣಗಲು ಹೊತ್ತಿಲ್ಲ, ಒದ್ದೆ ನೆಗೆಟಿವ್‌ನಲ್ಲೇ ಪ್ರಿಂಟ್ ಹಾಕಿದೆವು. ಹುಡುಗ ಕವರ್ ಎದೆಗೆ ಒತ್ತಿಕೊಂಡು ಸಿಟಿ ಸ್ಟೇಷನ್ ಕಡೆ ಓಡಿದ. ರೈಲು ಸಿಕ್ಕಿತೋ ಇಲ್ಲವೋ ತಿಳಿಯದು. ತಿಂಗಳಾದ ಮೇಲೆ ಹೋಟೆಲಿಗೆ ಹೋಗಿ ವಿಚಾರಿಸಿದೆ. “ಅವ್ನು ಕೆಲ್ಸ ಬಿಟ್ಟ” ಅಂದರು.

ಅಂದಿನಿಂದ ಇಂದಿನವರೆಗೆ ಯಾವ ಸಿನಿಮಾ ನೋಡಿದರೂ ನನ್ನ ಕಣ್ಣು ಹೀರೋ ಮೇಲೆ ನಿಲ್ಲುವುದಿಲ್ಲ. ಗುಂಪಿನಲ್ಲಿ, ಕೋರ್ಟ್ ಸೀನಿನ ಹಿಂದಿನ ಬೆಂಚಿನಲ್ಲಿ, ವಿಲನ್ ಕಡೆಯ ಪೈಲ್ವಾನರ ನಡುವೆ ಹುಡುಕುತ್ತದೆ. ಆ ಮುಖ ನನಗೆ ಇನ್ನೂ ಸಿಕ್ಕಿಲ್ಲ.

ಮರುದಿನ ಗುರುಗಳು ಹೈಪೋ ಟ್ರೇಯ ಅಂಚಿಗೆ ಗೋಣಿದಾರ ಸುತ್ತಿದರು. “ಕಣ್ಣು ಕಾಣದಿದ್ರೆ ಬೆರಳಿಲ್ವೇನೋ? ಮೂಗಿಲ್ವೇನೋ? ಡೆವಲಪರ್ ಸೀಗೆಕಾಯಿ ನೀರಿನ ಹಾಗೆ ಜಾರುತ್ತೆ. ಹೈಪೋ ಹುಳಿ ವಾಸನೆ ಹೊಡೆಯುತ್ತೆ. ಮುಟ್ಟಿ ನೋಡಿ, ಮೂಸಿ ನೋಡಿ ಆಮೇಲೆ ರೋಲ್ ಬಿಚ್ಚು. ನೀನು ತೊಳೀತಿರೋದು ಫಿಲ್ಮ್ ಅಲ್ಲ, ಇನ್ನೊಬ್ಬನ ಬದುಕು.”

ನನ್ನ ಇಡೀ ವಿದ್ಯಾಭ್ಯಾಸ ಆ ನಾಲ್ಕು ಮಾತಿನಲ್ಲಿ ಮುಗಿಯಿತು!

ಬಣ್ಣ ಬಂತು, ಬಣ್ಣ!

ಕನ್ನಡದ ಮೊದಲ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ ತೆರೆಗೆ ಬಂದದ್ದು 1964ರಲ್ಲಿ. ಆದರೆ ಊರೂರ ಸ್ಟುಡಿಯೋಗಳಿಗೆ ಬಣ್ಣ ಕಾಲಿಟ್ಟದ್ದು ಬಹಳ ತಡವಾಗಿ. ನಮ್ಮ ಅಂಗಡಿಯ ಕಲರ್ ರೋಲ್‌ಗಳು ಮದ್ರಾಸಿಗೆ ಹೋಗಿ ಬರುತ್ತಿದ್ದವು. 1986ರಲ್ಲಿ ನಾನು ಬೆಂಗಳೂರಿನ ಒಂದು ಕಲರ್ ಲ್ಯಾಬ್ ಸೇರಿದೆ. ಸಂಬಳ 650 ರೂಪಾಯಿ! ಊರಿಗೆ ಹೋಗಿ ಅಪ್ಪನ ಮುಖ ಧೈರ್ಯವಾಗಿ ನೋಡಿದೆ.

ಕಲರ್ ನೆಗೆಟಿವ್ ತೊಳೆಯುವ ಸಿ-41 ಎಂಬ ವಿಧಾನವನ್ನು ಕೊಡಾಕ್ ಕಂಪನಿ 1972ರಲ್ಲಿ ತಂದಿತ್ತು. ಡೆವಲಪರ್ ಬಿಸಿ 37.8 ಡಿಗ್ರಿ, ಸಮಯ 3 ನಿಮಿಷ 15 ಸೆಕೆಂಡು. ಬಿಸಿ ಕಾಲು ಡಿಗ್ರಿ ಆಚೀಚೆ ಆದರೂ ಬಣ್ಣ ಕೆಟ್ಟಿತು. ಕಪ್ಪು-ಬಿಳುಪಿನಲ್ಲಿ ನಮ್ಮ ಅಂದಾಜು ನಡೆಯುತ್ತಿತ್ತು, ಇಲ್ಲಿ ನಡೆಯದು. ದಿನವೂ ಬೆಳಿಗ್ಗೆ ಕಂಟ್ರೋಲ್ ಸ್ಟ್ರಿಪ್ ಎಂಬ ಪರೀಕ್ಷೆಯ ತುಂಡು ಓಡಿಸಿ, ಅಳೆದು, ನಕ್ಷೆಯಲ್ಲಿ ಚುಕ್ಕೆ ಇಟ್ಟ ಮೇಲೇ ಗಿರಾಕಿಯ ರೋಲ್ ಮುಟ್ಟಬೇಕು.

ಆಮೇಲೆ ಬಂತು ಮಿನಿಲ್ಯಾಬ್. ಜಪಾನಿನ ನೊರಿಟ್ಸು ಕಂಪನಿ ಅಂಗಡಿಯಲ್ಲೇ ತೊಳೆದು ಪ್ರಿಂಟ್ ಹಾಕುವ ಯಂತ್ರವನ್ನು 1976ರಲ್ಲೇ ಮಾಡಿತ್ತು. ನಾನು ಅಂಥದ್ದರ ಮುಂದೆ ಕುಳಿತದ್ದು 1993ರಲ್ಲಿ. ಈ ಕಡೆ ರೋಲ್ ಹಾಕಿದರೆ ಆ ಕಡೆ ಫೋಟೋ! ‘ಒಂದು ಗಂಟೆಯಲ್ಲಿ ಕಲರ್ ಫೋಟೋ’ ಎಂದು ಬೋರ್ಡ್ ಹಾಕಿದ್ದೇ ತಡ, ಜಾತ್ರೆ ಜನ.

“ಯಂತ್ರವೇ ಮಾಡುವಾಗ ಟೆಕ್ನೀಷಿಯನ್ ಯಾಕೆ?” ಅಂತ ಕೇಳುತ್ತೀರಾ? ಒಂದು ಉದಾಹರಣೆ ಕೇಳಿ. ನಮ್ಮ ಮದುವೆ ಫೋಟೋದಲ್ಲಿ ಚೌಕಟ್ಟಿನ ತುಂಬ ಕೆಂಪು ರೇಷ್ಮೆ ಸೀರೆ. ಯಂತ್ರ ಅದನ್ನು ಕಂಡು ‘ಅಯ್ಯೋ, ಕೆಂಪು ಜಾಸ್ತಿಯಾಯಿತು’ ಎಂದು ಗಾಬರಿಬಿದ್ದು ಕೆಂಪನ್ನು ಇಳಿಸಿಬಿಡುತ್ತದೆ. ಆಗ ವಧುವಿನ ಮುಖಕ್ಕೆ ನೀಲಿ-ಹಸಿರು ಛಾಯೆ! ಮದುಮಗಳೋ, ನಾಗಲೋಕದ ಕನ್ಯೆಯೋ ತಿಳಿಯದು. ಅಲ್ಲಿ ಗುಂಡಿ ಒತ್ತಿ ಮುಖವನ್ನು ಮುಖದ ಬಣ್ಣಕ್ಕೆ ತರುವವನು ನಾನು. ಜಪಾನಿನ ಯಂತ್ರಕ್ಕೆ ಧಾರೆ ಸೀರೆ ಗೊತ್ತಿಲ್ಲ, ನನಗೆ ಗೊತ್ತು.

ಇನ್ನು ಗಿರಾಕಿಗಳ ಬೇಡಿಕೆ: “ಸಾರ್, ಹುಡುಗೀನ ಸ್ವಲ್ಪ ಬೆಳ್ಳಗೆ ಮಾಡಿ ಸಾರ್, ಗಂಡಿನ ಕಡೆಯವರಿಗೆ ಕಳಿಸ್ಬೇಕು!” ಎಷ್ಟು ತಂದೆಯರು ಹೀಗೆ ಕೈಮುಗಿದು ನಿಂತರೋ! ನನಗಿಷ್ಟವಿಲ್ಲದೆ ಮಾಡಿಕೊಟ್ಟಿದ್ದೇನೆ. ಮನಸ್ಸಿಗೆ ಹಿಂಸೆಯಾದ ಕೆಲಸ ಅದೊಂದೇ.

ದೊಡ್ಡಣ್ಣನ ಮನೆ

ನಮ್ಮದು ಸ್ಟಿಲ್ ಲ್ಯಾಬ್. ಇದರ ದೊಡ್ಡಣ್ಣ ಸಿನಿಮಾ ಲ್ಯಾಬ್. ಅಂದಿನ ಕನ್ನಡ ಚಿತ್ರಗಳ ನೆಗೆಟಿವ್ ಬಹುಪಾಲು ಮದ್ರಾಸಿನಲ್ಲೇ ಸಂಸ್ಕಾರವಾಗುತ್ತಿತ್ತು. 1988ರಲ್ಲಿ ಪರಿಚಯದ ಕ್ಯಾಮರಾಮನ್ ಒಬ್ಬರ ಜೊತೆ ಹೋಗಿ ಅಂಥ ಒಂದು ಲ್ಯಾಬ್ ನೋಡಿ ಬೆರಗಾದೆ. ನಮ್ಮ ರೋಲ್ ಮೊಳದುದ್ದ. ಅಲ್ಲಿಯದು 1000 ಅಡಿ! ಅಷ್ಟಿದ್ದೂ ತೆರೆಯ ಮೇಲೆ ಅದು ಹನ್ನೊಂದು ನಿಮಿಷದ ಆಟ. ಸೆಕೆಂಡಿಗೆ 24 ಚಿತ್ರ ಓಡಬೇಕಲ್ಲ!

ಅಲ್ಲಿ ‘ಗ್ರೇಡರ್’ ಎಂಬ ಒಬ್ಬ ಮಹಾನುಭಾವ. ಹೀರೋಯಿನ್ ಒಂದು ಶಾಟ್ ಬೆಳಿಗ್ಗೆ, ಇನ್ನೊಂದು ಶಾಟ್ ಸಂಜೆ ಕೊಟ್ಟಿರುತ್ತಾಳೆ. ಒಂದು ನೀಲಿ, ಒಂದು ಹಳದಿ. ಕಥೆಯಲ್ಲಿ ಎರಡೂ ಒಂದೇ ಕ್ಷಣ! ಗ್ರೇಡರ್ ಪ್ರತಿ ಶಾಟಿಗೂ ಕೆಂಪು, ಹಸಿರು, ನೀಲಿ ಬೆಳಕಿಗೆ 1ರಿಂದ 50ರೊಳಗೆ ಒಂದೊಂದು ಅಂಕಿ ಬರೆದು, ಎರಡನ್ನೂ ಒಂದೇ ಹೊತ್ತಿನದಾಗಿ ಮಾಡುತ್ತಾನೆ. ನೀವು ಕಣ್ಣೊರೆಸಿಕೊಳ್ಳುವ ಸೀನಿನ ಹಿಂದೆ ಅವನ ಅಂಕಿಗಳಿವೆ. ಅವನ ಹೆಸರು? ಯಾರಿಗೂ ಗೊತ್ತಿಲ್ಲ. ಅವನೂ ನನ್ನ ಜಾತಿಯವನೇ!

ಯಂತ್ರ ಗುಜರಿಗೆ

ವಿಧಿಯ ತಮಾಷೆ ನೋಡಿ. ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವ್ ಸ್ಯಾಸನ್ ಎಂಬಾತ 1975ರಲ್ಲೇ ಫಿಲ್ಮ್ ಇಲ್ಲದ ಡಿಜಿಟಲ್ ಕ್ಯಾಮರಾ ಮಾಡಿದ್ದ. ನಾನು ಕತ್ತಲಕೋಣೆಗೆ ಕಾಲಿಡುವ ನಾಲ್ಕು ವರ್ಷ ಮೊದಲೇ ನನ್ನ ಕಸುಬಿನ ಯಮ ಹುಟ್ಟಿದ್ದ! ಅದೇ ಕೊಡಾಕ್ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿಕೊಂಡಿತು. ನಮ್ಮ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್, 1967ರಿಂದ ‘ಇಂದು’ ಹೆಸರಿನ ಫಿಲ್ಮ್, ಕಾಗದ ತಯಾರಿಸಿದ ಸರ್ಕಾರಿ ಕಾರ್ಖಾನೆ, ಅದೂ ನೆಲಕಚ್ಚಿ ಬಾಗಿಲು ಹಾಕಿತು. ನನ್ನ ಮೊದಲ ಪ್ರಿಂಟ್ ಹಾಕಿದ್ದು ‘ಇಂದು’ ಕಾಗದದ ಮೇಲೆ.

ನಮ್ಮ ಅಂಗಡಿಗೆ ಮದುವೆ ಸೀಸನ್ನಿನಲ್ಲಿ ದಿನಕ್ಕೆ ನೂರೈವತ್ತು ರೋಲ್ ಬರುತ್ತಿದ್ದ ಕಾಲವಿತ್ತು. 2009ರ ಒಂದು ದಿನ ಬಂದದ್ದು ಮೂರು. ಮರುವರ್ಷ ನನ್ನ ಯಂತ್ರವನ್ನು ಗುಜರಿಯವನು ಕಿಲೋ ಲೆಕ್ಕದಲ್ಲಿ ಕೊಂಡ. ಹೈಪೋದಲ್ಲಿ ಉಳಿದ ಬೆಳ್ಳಿಗಾಗಿ ತಿಂಗಳಿಗೊಮ್ಮೆ ಬರುತ್ತಿದ್ದವನೂ ಬರುವುದು ಬಿಟ್ಟ. ನನಗೆ ಐವತ್ತು. ಮಗಳ ಕಾಲೇಜ್ ಫೀಸ್ ಕಟ್ಟಬೇಕು. ಗೊತ್ತಿದ್ದದ್ದು ಒಂದೇ ಕೆಲಸ, ಆ ಕೆಲಸವೇ ಸತ್ತಿತ್ತು. ನನ್ನ ಜೊತೆಯವರು ಕೆಲವರು ಸೆಕ್ಯುರಿಟಿ ಕೆಲಸಕ್ಕೆ ಹೋದರು, ಒಬ್ಬ ಆಟೋ ಓಡಿಸಿದ, ಒಬ್ಬ ಕುಡಿದು ಹಾಳಾದ. ಆ ರಾತ್ರಿಗಳ ಮಾತು ಹೆಚ್ಚು ಬೇಡ.

ಯಜಮಾನರು ಹೊಸ ಡಿಜಿಟಲ್ ಯಂತ್ರ ತಂದರು. ಅದರ ಮುಂದೆ ಇಪ್ಪತ್ತೆರಡರ ಹುಡುಗ. ನಾನು ಕೈಕಟ್ಟಿ ಹಿಂದೆ ನಿಂತೆ. ಕೀಲಿಮಣೆಯ ಮೇಲೆ ಅವನ ಬೆರಳು ಮಿಂಚಿನ ಹಾಗೆ. ಆದರೆ ಪ್ರಿಂಟ್ ಬಂದಾಗ ಮದುಮಗನ ಮುಖ ಅರಿಶಿನ ಬಳಿದ ಹಾಗೆ! ಹುಡುಗ ಮೂರು ಸಲ ತಿದ್ದಿದ, ಆಗಲಿಲ್ಲ. “ಹಳದಿ ಇಳಿಸ್ಬೇಡಪ್ಪಾ, ಅದಕ್ಕೆ ನೀಲಿ ಸ್ವಲ್ಪ ಕೂಡಿಸು, ಆಮೇಲೆ ಒಂಚೂರು ಕತ್ತಲು ಮಾಡು” ಅಂದೆ. ಹಳದಿ ಇಳಿಸುವುದೂ ನೀಲಿ ಕೂಡಿಸುವುದೂ ಒಂದೇ. ಆದರೆ ಎಷ್ಟು ಅನ್ನುವುದು ಕಣ್ಣಿಗೆ ಗೊತ್ತಿರಬೇಕು. ಪ್ರಿಂಟ್ ಬಂತು. ಮುಖ ಮುಖವಾಗಿತ್ತು. “ಅಂಕಲ್, ಹೆಂಗ್ ಗೊತ್ತಾಯ್ತು ನಿಮ್ಗೆ?” ಅಂದ.

ಆ ಒಂದು ಪ್ರಶ್ನೆಯಿಂದ ನನಗೆ ಮತ್ತೆ ಹನ್ನೆರಡು ವರ್ಷ ಅನ್ನ ಸಿಕ್ಕಿತು. ಅವನು ನನಗೆ ಕಂಪ್ಯೂಟರ್ ಕಲಿಸಿದ, ನಾನು ಅವನಿಗೆ ಬಣ್ಣ ಕಲಿಸಿದೆ. ಸತ್ತದ್ದು ಮದ್ದು, ಟ್ರೇ, ರೋಲ್. ಕಣ್ಣು ಸತ್ತಿರಲಿಲ್ಲ!

ಈಗ ಭವಿಷ್ಯ ಇದೆಯೇ?

ನೇರ ಮಾತು ಬೇಕೆಂದಿರಲ್ಲ, ಕೇಳಿ. ಬರೀ ಗುಂಡಿ ಒತ್ತುವವನಿಗೆ ಭವಿಷ್ಯವಿಲ್ಲ. ಅಂದೂ ಇರಲಿಲ್ಲ, ಇಂದೂ ಇಲ್ಲ. ಕಣ್ಣಿರುವವನಿಗೆ ದಾರಿಗಳಿವೆ.

ಮೊದಲನೆಯದು ಆಲ್ಬಮ್ ಲ್ಯಾಬ್. ಜನ ಫೋಟೋಗಳನ್ನು ಫೋನಿನಲ್ಲೇ ಇಟ್ಟುಕೊಂಡರೂ ಮದುವೆಗೆ ಆಲ್ಬಮ್ ಬೇಕೇ ಬೇಕು. ಪುಟ ವಿನ್ಯಾಸ, ಬಣ್ಣ ತಿದ್ದುವುದು, ಪ್ರಿಂಟ್, ಲ್ಯಾಮಿನೇಷನ್, ಬೈಂಡಿಂಗ್, ಹೀಗೆ ಒಂದು ಆಲ್ಬಮ್ ಹಿಂದೆ ಹಲವು ಕೈ. ಹೊಸಬರಿಗೆ ಬಾಗಿಲು ಸುಲಭವಾಗಿ ತೆರೆಯುವುದು ಇಲ್ಲೇ. ಆದರೆ ಮೊದಲ ಒಂದೆರಡು ವರ್ಷದ ಸಂಬಳ ರೂಮಿನ ಬಾಡಿಗೆಗೂ ಊಟಕ್ಕೂ ಸರಿಹೋದರೆ ಪುಣ್ಯ. ಸೀಸನ್ನಿನಲ್ಲಿ ರಾತ್ರಿ ನಿದ್ದೆಯಿಲ್ಲ, ಆಷಾಢದಲ್ಲಿ ಕೆಲಸವಿಲ್ಲ. ಫೋಟೋಶಾಪ್ ಕಲಿತರೆ ಸಾಲದು, ಮಾನಿಟರ್‌ನಲ್ಲಿ ಕಂಡ ಬಣ್ಣವೇ ಕಾಗದದ ಮೇಲೂ ಬರುವಂತೆ ಎರಡನ್ನೂ ಹೊಂದಿಸಲು ಕಲಿಯಿರಿ. ಅದು ಗೊತ್ತಿದ್ದವನನ್ನು ಯಜಮಾನ ಕಳೆದುಕೊಳ್ಳುವುದಿಲ್ಲ.

ಎರಡನೆಯದು ಸಿನಿಮಾದ ಕಲರಿಸ್ಟ್. ಅಂದಿನ ಗ್ರೇಡರ್‌ನ ಮೊಮ್ಮಗ! 1ರಿಂದ 50ರ ಅಂಕಿಯ ಬದಲು ಈಗ ಕಂಪ್ಯೂಟರ್ ಪರದೆ. ಡಾವಿಂಚಿ ರಿಸಾಲ್ವ್ ಎಂಬ ಸಾಫ್ಟ್‌ವೇರ್‌ನ ಒಂದು ಆವೃತ್ತಿ ಪುಕ್ಕಟೆ ಸಿಗುತ್ತದೆ, ಮನೆಯಲ್ಲೇ ಕೂತು ಕೈ ಪಳಗಿಸಿಕೊಳ್ಳಬಹುದು. ಸಂತೋಷದ ವಿಷಯ ಏನೆಂದರೆ, ಈಗ ಕಲರಿಸ್ಟ್ ಹೆಸರು ಟೈಟಲ್ ಕಾರ್ಡಿನಲ್ಲಿ ಬರುತ್ತದೆ!

ಮೂರನೆಯದು ಹಳೆಯ ಚಿತ್ರಗಳ ಜೀರ್ಣೋದ್ಧಾರ. ನನ್ನ ಮನಸ್ಸಿಗೆ ಹತ್ತಿರವಾದದ್ದು ಇದೇ. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’ 1934ರಲ್ಲಿ ಬಂತು. ಇಂದು ಅದರ ಒಂದು ಪ್ರಿಂಟೂ ಉಳಿದಿಲ್ಲ. ನನ್ನ ಹನ್ನೆರಡು ಪೋಸಿನಂತೆ ಅದೂ ನೀರಾಗಿ ಹೋಯಿತು! ಸೆಕೆ, ತೇವದಲ್ಲಿ ಇಟ್ಟ ಹಳೆಯ ಫಿಲ್ಮ್ ಹುಳಿ ವಾಸನೆ ಹೊಡೆದು, ಸುರುಟಿ, ಸಾಯುತ್ತದೆ. ಅದನ್ನು ಕೈಯಿಂದ ಬಿಡಿಸಿ, ತೊಳೆದು, ಸ್ಕ್ಯಾನ್ ಮಾಡಿ, ಗೀರು ಧೂಳು ತೆಗೆಯುವ ಕೆಲಸಕ್ಕೆ ಫಿಲ್ಮ್ ಬಲ್ಲ ಜನ ಬೇಕು. ಪುಣೆಯಲ್ಲಿ 1964ರಲ್ಲಿ ರಾಷ್ಟ್ರೀಯ ಚಲನಚಿತ್ರ ಭಂಡಾರ ಸ್ಥಾಪನೆಯಾಯಿತು. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ 2015ರಿಂದ ಈ ವಿದ್ಯೆಯ ತರಬೇತಿ ಶಿಬಿರ ನಡೆಸುತ್ತಾ ಬಂದಿದೆ. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತೊಟ್ಟು ಮತ್ತೆ ತೆರೆಗೆ ಬಂದಾಗ ಚಿತ್ರಮಂದಿರದಲ್ಲಿ ಶಿಳ್ಳೆ ಕೇಳಿದಿರಲ್ಲ? ನೆಗೆಟಿವ್ ಕಾಪಾಡಿಟ್ಟವರಿಗೂ ಅದರಲ್ಲಿ ಒಂದು ಪಾಲು ಸಲ್ಲಬೇಕು.

ನಾಲ್ಕನೆಯದು, ಹೇಳಿದರೆ ನಗುತ್ತೀರಿ, ಅದೇ ಹಳೇ ಫಿಲ್ಮ್! ‘ಓಪನ್‌ಹೈಮರ್’ ಚಿತ್ರಕ್ಕಾಗಿಯೇ ಕೊಡಾಕ್ 65 ಮಿಲಿಮೀಟರಿನ ಕಪ್ಪು-ಬಿಳುಪು ಫಿಲ್ಮ್ ಹೊಸದಾಗಿ ತಯಾರಿಸಿಕೊಟ್ಟಿತು. ಚಿತ್ರ 2023ರಲ್ಲಿ ಬಂತು. ಇತ್ತ ನಮ್ಮ ಹುಡುಗ ಹುಡುಗಿಯರು ತಾತನ ಕ್ಯಾಮರಾ ಅಟ್ಟದಿಂದ ಇಳಿಸಿ ರೋಲ್ ಹಾಕುತ್ತಿದ್ದಾರೆ. ತೊಳೆದುಕೊಡುವವರು ಕಮ್ಮಿ. ಇದೇ ಹೊಟ್ಟೆಪಾಡು ಎಂದು ನಂಬಬೇಡಿ. ಆದರೆ ಕಲಿತಿಟ್ಟುಕೊಂಡರೆ ನಷ್ಟವಿಲ್ಲ.

ಓದಿ ಬರಬೇಕೆನ್ನುವವರಿಗೆ ಹೆಸರಘಟ್ಟದಲ್ಲಿ ಸರ್ಕಾರಿ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್ ಇದೆ. ಮೊದಲು ಇದು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನ ಭಾಗ, ಆರಂಭ 1943ರಲ್ಲಿ. ನಮ್ಮ ಮೈಸೂರಿನ ವಿ.ಕೆ. ಮೂರ್ತಿ ಕಲಿತದ್ದು ಅಲ್ಲೇ. ಗುರುದತ್ತರ ‘ಕಾಗಜ್ ಕೇ ಫೂಲ್’ಗೆ, 1959ರ ಆ ಮೊದಲ ಭಾರತೀಯ ಸಿನಿಮಾಸ್ಕೋಪ್ ಚಿತ್ರಕ್ಕೆ, ಕ್ಯಾಮರಾ ಹಿಡಿದವರು ಅವರು. 2008ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರ ಪಾಲಾಯಿತು. ಗೋವಿಂದ ನಿಹಲಾನಿ ಕೂಡ ಅಲ್ಲಿಯ ವಿದ್ಯಾರ್ಥಿ.

ಸೇರುವ ಮೊದಲು ಒಂದು ಕೆಲಸ ಮಾಡಿ. ಕಣ್ಣಿನ ಡಾಕ್ಟರ ಬಳಿ ಹೋಗಿ ಬಣ್ಣಗುರುಡು ಇದೆಯೇ ಎಂದು ಪರೀಕ್ಷೆ ಮಾಡಿಸಿಕೊಳ್ಳಿ. ಅದು ಗಂಡಸರಲ್ಲೇ ಹೆಚ್ಚು, ಇದ್ದರೂ ಬಹಳ ಮಂದಿಗೆ ಗೊತ್ತಿರುವುದಿಲ್ಲ. ಎರಡು ವರ್ಷ ದುಡಿದ ಮೇಲೆ ತಿಳಿದರೆ ಎದೆ ಒಡೆಯುತ್ತದೆ. ಇನ್ನೊಂದು ಗುಟ್ಟು: ಒಂದೇ ಚಿತ್ರವನ್ನು ಬಹಳ ಹೊತ್ತು ನೋಡಿದರೆ ಕಣ್ಣು ಅದರ ತಪ್ಪಿಗೇ ಒಗ್ಗಿಹೋಗುತ್ತದೆ. ನಡುನಡುವೆ ಎದ್ದು ಹೊರಗೆ ಬಂದು ಬೂದು ಬಣ್ಣದ ಗೋಡೆಯನ್ನೋ, ರಸ್ತೆಯ ಜನರ ಮುಖವನ್ನೋ ನೋಡಿ ಬನ್ನಿ.

ಕೊನೆಯ ಮಾತು

ಈಚೆಗೆ ನಮ್ಮ ಹಳೆಯ ಅಂಗಡಿಗೆ ಹೋಗಿದ್ದೆ. ಹೊಸ ಹುಡುಗನೊಬ್ಬ ಅಳುತ್ತಾ ಕೂತಿದ್ದ. ಗಿರಾಕಿಯ ಮೆಮೊರಿ ಕಾರ್ಡನ್ನು ಕಾಪಿ ಮಾಡುವ ಮೊದಲೇ ಅಳಿಸಿ, ಅದರ ಮೇಲೆ ಬೇರೆ ಫೋಟೋ ತುಂಬಿಸಿಬಿಟ್ಟಿದ್ದ. ಒಂದು ನಾಮಕರಣದ ಚಿತ್ರಗಳೆಲ್ಲ ಹೋಗಿದ್ದವು. “ಕಾರ್ಡೇ ಕೆಟ್ಟಿತ್ತು ಅಂದ್ಬಿಡ್ಲಾ ಸಾರ್?” ಎಂದು ನನ್ನನ್ನು ಕೇಳಿದ.

ನಾನು ಅವನ ಪಕ್ಕ ಕೂತೆ. ಆ ಹನ್ನೆರಡು ಪೋಸಿನ ಕಥೆ ಹೇಳಿದೆ. “ನೀನೇ ಹೇಳಪ್ಪಾ ಅವರಿಗೆ” ಅಂದೆ.

ಮರುದಿನ ಅವನು ಎರಡು ಡಬ್ಬಿ ತಂದು ಮೇಜಿನ ಮೇಲಿಟ್ಟ. ಕಾಪಿ ಆಗದ ಕಾರ್ಡಿಗೊಂದು, ಆದ ಕಾರ್ಡಿಗೊಂದು. ಆಗದ ಕಾರ್ಡಿನ ಡಬ್ಬಿಗೆ ಗೋಣಿದಾರ ಸುತ್ತಿದ್ದ!

ಗೆಳೆಯರೇ, ಹೆಸರು ಬೇಕು, ಹಾರ ಬೇಕು ಅನ್ನುವವರು ಈ ಕಡೆ ಬರಬೇಡಿ. ಆದರೆ ನೀರಿನೊಳಗಿಂದ ಒಂದು ಮುಖ ಎದ್ದು ಬರುವುದನ್ನು ಮೊದಲು ನೋಡುವವನು ನಾನಾಗಬೇಕು ಅನ್ನಿಸಿದರೆ, ಇನ್ನೊಬ್ಬರ ಕನಸು ನನ್ನ ಕೈಯಲ್ಲಿ ಕೆಡಬಾರದು ಅನ್ನುವ ಭಯವಿದ್ದರೆ, ಬನ್ನಿ. ಜಾಗ ಇದೆ.

ಹಾಂ, ಇನ್ನೊಂದು. 1981ರಲ್ಲಿ ಮೆಜೆಸ್ಟಿಕ್ಕಿನ ಸ್ಟುಡಿಯೋದಲ್ಲಿ ಹೋಟೆಲ್ ಅಂಗಿ ತೊಟ್ಟು ಎರಡನೇ ಸಲ ಹನ್ನೆರಡು ಪೋಸ್ ಕೊಟ್ಟ ದಾವಣಗೆರೆ ಕಡೆಯ ಗೆಳೆಯ ಇದನ್ನೇನಾದರೂ ಓದುತ್ತಿದ್ದರೆ... ಅಣ್ಣಾ, ಆ ನೆಗೆಟಿವ್ ನನ್ನ ಹತ್ತಿರ ಇನ್ನೂ ಭದ್ರವಾಗಿದೆ. ಯಾವಾಗ ಬೇಕಾದರೂ ಪ್ರಿಂಟ್ ಹಾಕಿಕೊಡುತ್ತೇನೆ.